ಮನೆಯ ಮಾಹಿತಿ ಉಗ್ರಾಣಕ್ಕೆ ಎಂತಹ ಯಂತ್ರ ಬೇಕು?

ಹಿಂದೆ ನಮ್ಮ ಮನೆಗಳಲ್ಲಿ ಉಗ್ರಾಣವೆಂಬ ಕೋಣೆಯೊಂದು ಇರುತ್ತಿತ್ತು. ವರ್ಷದ ದವಸ, ಬೆಲ್ಲ, ಉಪ್ಪಿನಕಾಯಿಯ ಭರಣಿ, ಹಳೆಯ ಕಾಗದಪತ್ರಗಳ ಪೆಟ್ಟಿಗೆ ಇವೆಲ್ಲಕ್ಕೂ ಅಲ್ಲಿ ಸ್ಥಳವಿತ್ತು. ಈಗಿನ ಮನೆಗಳಲ್ಲಿ ಮತ್ತೊಂದು ಬಗೆಯ ಸಾಮಗ್ರಿ ಕೂಡಿಬೀಳುತ್ತಿದೆ: ಛಾಯಾಚಿತ್ರಗಳು, ಧ್ವನಿಮುದ್ರಣಗಳು, ಮಕ್ಕಳ ಆಟಪಾಟದ ಚಲಚ್ಚಿತ್ರಗಳು, ಜಮೀನಿನ ದಾಖಲೆಗಳ ಪ್ರತಿಗಳು. ಇವುಗಳನ್ನು ಒಂದೆಡೆ ಇರಿಸಿ, ಮನೆಯ ಎಲ್ಲ ಗಣಕಗಳಿಗೂ ಮೊಬೈಲುಗಳಿಗೂ ಜಾಲದ ಮೂಲಕ ಒದಗಿಸುವ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಅದು ದಿನದ 24 ಗಂಟೆಯೂ ಎಚ್ಚರವಾಗಿರಬೇಕು. ಅಂತಹ ಯಂತ್ರವನ್ನು ಆಯುವಲ್ಲಿ ನಾವು ಸಾಮಾನ್ಯವಾಗಿ ತಪ್ಪು ಪ್ರಶ್ನೆಯನ್ನು ಕೇಳುತ್ತೇವೆಂಬುದು ನನ್ನ ಅಭಿಪ್ರಾಯ. ಅದು ಎಷ್ಟು ವೇಗವಾಗಿ ಓಡಬಲ್ಲದೆಂದು ಕೇಳುತ್ತೇವೆ. ಸುಮ್ಮನೆ ಕುಳಿತಾಗ ಅದು ಎಷ್ಟು ಉಣ್ಣುತ್ತದೆಂದು ಕೇಳುವುದಿಲ್ಲ.

ಈ ತಪ್ಪನ್ನು ನಾನೂ ಮಾಡಿದವನೇ. ಮನೆಯಲ್ಲಿ ಹಳೆಯದೊಂದು ಮೇಜಿನ ಗಣಕ ಮೂಲೆ ಸೇರಿತ್ತು. ಖರ್ಚಿಲ್ಲದೆ ದೊರೆತ ಯಂತ್ರವೆಂದು ಹಿಗ್ಗಿ, ಅದಕ್ಕೆ ಎರಡು ಹಾರ್ಡ್ ಡಿಸ್ಕುಗಳನ್ನು ಜೋಡಿಸಿ, ಎರಡು ವರ್ಷ ಓಡಿಸಿದೆ. ಕೊನೆಗೊಮ್ಮೆ ವಾಟ್‌ಮಾಪಕವೊಂದನ್ನು ತಂದು ಗೋಡೆಯ ಸಾಕೆಟ್ಟಿಗೂ ಯಂತ್ರಕ್ಕೂ ನಡುವೆ ಇರಿಸಿ ನೋಡಿದಾಗ, ಯಾವ ಕೆಲಸವನ್ನೂ ಮಾಡದೆ ಅದು 52 ವಾಟ್ ಎಳೆಯುತ್ತಿರುವುದು ಕಂಡುಬಂತು. ವಿದ್ಯಾರ್ಥಿಗಳಿಗೆ ದಿನವೂ ಸಾಮರ್ಥ್ಯ ಮತ್ತು ಶಕ್ತಿಗಳ ಭೇದವನ್ನು ಬೋಧಿಸುವವನು ತನ್ನ ಮನೆಯಲ್ಲಿಯೇ ಅದನ್ನು ಮರೆತಿದ್ದನು!

ಲೆಕ್ಕ ಬಹು ಸುಲಭ. ವರ್ಷಕ್ಕೆ 8,760 ಗಂಟೆಗಳು. ಆದುದರಿಂದ ಸದಾ ಹರಿಯುವ ಒಂದೇ ಒಂದು ವಾಟ್ ವರ್ಷಕ್ಕೆ 8.76 ಯೂನಿಟ್ ಆಗುತ್ತದೆ. 52 ವಾಟ್ ಎಂದರೆ ಸುಮಾರು 456 ಯೂನಿಟ್. ಯೂನಿಟ್ಟಿಗೆ 6 ರೂಪಾಯಿಯೆಂದು ಲೆಕ್ಕಕ್ಕಾಗಿ ಹಿಡಿದರೆ, ಖರ್ಚಿಲ್ಲದ ಆ ಯಂತ್ರಕ್ಕೆ ನಾನು ವರ್ಷಕ್ಕೆ 2,700 ರೂಪಾಯಿಗೂ ಮೇಲ್ಪಟ್ಟು ತೆರುತ್ತಿದ್ದೆ. ಇಷ್ಟೂ ಶಕ್ತಿ ಕೊನೆಗೆ ಶಾಖವಾಗಿ ಕೋಣೆಯನ್ನು ಸೇರುತ್ತದೆಂಬುದನ್ನೂ ಮರೆಯಬಾರದು.

ಗೃಹಜ್ಯೋತಿ ಯೋಜನೆ 2023ರಲ್ಲಿ ಬಂದ ಮೇಲೆ ಈ ಲೆಕ್ಕವೇಕೆಂದು ಕೆಲವರು ಕೇಳಿಯಾರು. ಆ ಯೋಜನೆಗೂ ಮಿತಿಯುಂಟು. ತಿಂಗಳಿಗೆ 37 ಯೂನಿಟ್ಟುಗಳನ್ನು ನುಂಗುವ ಯಂತ್ರವೊಂದು ಮನೆಯನ್ನು ಆ ಮಿತಿಯ ಆಚೆಗೆ ತಳ್ಳಿಬಿಡಬಹುದು. ಮೇಲಾಗಿ, ಬಿಲ್ಲು ನಮ್ಮ ಹೆಸರಿಗೆ ಬಾರದಿದ್ದ ಮಾತ್ರಕ್ಕೆ ಕಲ್ಲಿದ್ದಲು ಉರಿಯದೆ ಉಳಿಯುವುದಿಲ್ಲ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಮೊದಲು ಪ್ರೊಸೆಸರನ್ನು ನೋಡೋಣ. ಮನೆಯ ಜಾಲದ ತಂತಿ ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಗಿಗಾಬಿಟ್ ಸಾಗಿಸುತ್ತದೆ. ಎಂಟು ಬಿಟ್ಟುಗಳಿಗೆ ಒಂದು ಬೈಟ್ ಆದುದರಿಂದ, ಇದು ಹೆಚ್ಚೆಂದರೆ 125 ಮೆಗಾಬೈಟ್. ಈಗಿನ ಒಂದೇ ಹಾರ್ಡ್ ಡಿಸ್ಕು ದೊಡ್ಡ ಕಡತಗಳನ್ನು ಇದಕ್ಕಿಂತ ವೇಗವಾಗಿ ಓದಬಲ್ಲದು. ಎಂದರೆ ಇಕ್ಕಟ್ಟಿರುವುದು ತಂತಿಯಲ್ಲಿ, ಪ್ರೊಸೆಸರಿನಲ್ಲಲ್ಲ. ಕಿರುದಾದ ಕಾಲುವೆಯ ತಲೆಯಲ್ಲಿ ದೊಡ್ಡ ಪಂಪನ್ನು ಕೂರಿಸಿ ಪ್ರಯೋಜನವೇನು? 2023ರಲ್ಲಿ ಹೊರಬಂದ ಇಂಟೆಲ್ ಎನ್100ರಂತಹ, ನಾಲ್ಕು ತಿರುಳುಗಳ ಚಿಕ್ಕ ಪ್ರೊಸೆಸರು ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಅದರ ಮೇಲೆ 6 ವಾಟ್ ಎಂದು ನಮೂದಿಸಿರುತ್ತಾರೆ. ಆದರೆ ಅದು ಚಿಪ್ಪಿನ ಶಾಖವನ್ನು ಹೊರದೂಡುವ ಏರ್ಪಾಡಿಗಾಗಿ ಕೊಟ್ಟ ಅಂಕೆಯೇ ಹೊರತು, ಗೋಡೆಯಿಂದ ಇಡೀ ಯಂತ್ರ ಎಳೆಯುವ ವಿದ್ಯುತ್ತಿನ ಅಂಕೆಯಲ್ಲ.

ಎರಡನೆಯದು ವಿದ್ಯುತ್ ಪೂರೈಕೆಯ ಪೆಟ್ಟಿಗೆ. ಹೆಚ್ಚು ವಾಟಿನ ಪೆಟ್ಟಿಗೆ ಹೆಚ್ಚು ಒಳ್ಳೆಯದೆಂಬ ಭ್ರಮೆ ಬಲವಾಗಿದೆ. 450 ವಾಟಿನ ಪೆಟ್ಟಿಗೆಯಿಂದ 18 ವಾಟನ್ನು ಪಡೆಯುವುದೆಂದರೆ ಅದರ ಹೊರೆ ಶೇಕಡ 4 ಮಾತ್ರ. 80 ಪ್ಲಸ್ ಎಂಬ ಪ್ರಮಾಣಪತ್ರದ ಸಾಮಾನ್ಯ ದರ್ಜೆಗಳಲ್ಲಿ ದಕ್ಷತೆಯನ್ನು ಅಳೆಯುವುದು ಶೇಕಡ 20, 50 ಮತ್ತು 100ರ ಹೊರೆಗಳಲ್ಲಿ. ನಮ್ಮ ಯಂತ್ರ ವರ್ಷವಿಡೀ ಇರುವ ಸ್ಥಿತಿಯ ಬಗ್ಗೆ ಆ ಪತ್ರ ಮೌನವಾಗಿದೆ. ಆದುದರಿಂದ ಹೊರೆಗೆ ತಕ್ಕ ಚಿಕ್ಕ ಪೆಟ್ಟಿಗೆಯೇ ಲೇಸು. ಒಂದು ಎಚ್ಚರಿಕೆ ಮಾತ್ರ ಅವಶ್ಯ: ದೊಡ್ಡ ಹಾರ್ಡ್ ಡಿಸ್ಕು ನಿಂತಲ್ಲಿಂದ ತಿರುಗಲು ಆರಂಭಿಸುವಾಗ ಕೆಲವು ಕ್ಷಣ 12 ವೋಲ್ಟಿನಲ್ಲಿ ಸುಮಾರು 2 ಆಂಪೇರ್ ಬೇಡುತ್ತದೆ. ಪೆಟ್ಟಿಗೆ ಅಷ್ಟನ್ನು ತಾಳಬೇಕು.

ಮೂರನೆಯದು ಡಿಸ್ಕು. ತಿರುಗುವ ತಟ್ಟೆಗೆ ಗಾಳಿ ಒಡ್ಡುವ ಪ್ರತಿರೋಧವನ್ನು ಮೀರಲು ಬೇಕಾದ ಸಾಮರ್ಥ್ಯ ಹೆಚ್ಚುಕಡಮೆ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ನಿಮಿಷಕ್ಕೆ 5,400 ಸುತ್ತಿನ ಬದಲು 7,200 ಸುತ್ತಾದರೆ, ಈ ಒಂದು ಬಾಬಿನ ವ್ಯಯ ಸುಮಾರು 2.4 ಪಟ್ಟಾಗುತ್ತದೆ. ಉಳಿದ ನಷ್ಟಗಳೂ ಸೇರುವುದರಿಂದ ಒಟ್ಟು ವ್ಯಯ ಅಷ್ಟು ಏರದಾದರೂ, ಮನೆಗೆ ನಿಧಾನದ ಡಿಸ್ಕೇ ಸಾಕೆಂಬುದು ಸ್ಪಷ್ಟ. ಇನ್ನೊಂದು ಸೂಕ್ಷ್ಮವುಂಟು. ಕೆಲವು ಡಿಸ್ಕುಗಳಲ್ಲಿ ಕಾಂತೀಯ ಪಥಗಳನ್ನು ಮಂಗಳೂರು ಹೆಂಚಿನಂತೆ ಒಂದರ ಅಂಚಿನ ಮೇಲೊಂದು ಹೊದಿಸಿರುತ್ತಾರೆ. ಇದರಿಂದ ಧಾರಣೆ ಹೆಚ್ಚುತ್ತದೆ. ಆದರೆ ನಡುವಿನ ಹೆಂಚೊಂದನ್ನು ಬದಲಿಸಬೇಕಾದರೆ ಅದರ ಮುಂದಿನವನ್ನೂ ಎತ್ತಿ ಮತ್ತೆ ಹೊದಿಸಬೇಕು. ಬರೆಯುವ ಕೆಲಸ ಕುಂಟುತ್ತದೆ. ಇಂತಹ ಡಿಸ್ಕುಗಳನ್ನು ಆ ವಿಷಯ ತಿಳಿಸದೆಯೇ ಮಾರಲಾಗುತ್ತಿತ್ತೆಂಬುದು 2020ರಲ್ಲಿ ಬಯಲಾಗಿ ಬಹಳ ಚರ್ಚೆಯಾಯಿತು. ಕೊಳ್ಳುವ ಮುನ್ನ ಕೇಳಿ ತಿಳಿಯುವುದು ಗ್ರಾಹಕನ ಹಕ್ಕು.

ಇವುಗಳನ್ನೆಲ್ಲ ಗಮನಿಸಿ ನಾನು ಹೊಸದಾಗಿ ಜೋಡಿಸಿದ ಯಂತ್ರ ಎರಡು ಡಿಸ್ಕುಗಳು ತಿರುಗುತ್ತಿರುವಾಗಲೂ 18 ವಾಟನ್ನು ಮೀರುವುದಿಲ್ಲ. ವರ್ಷಕ್ಕೆ ಸುಮಾರು 298 ಯೂನಿಟ್, ಎಂದರೆ 1,790 ರೂಪಾಯಿಯಷ್ಟು ಉಳಿತಾಯ. ಆದರೆ ಪ್ರಾಮಾಣಿಕವಾಗಿ ಹೇಳಬೇಕಾದರೆ, ಯಂತ್ರದ ಬೆಲೆ ಈ ಉಳಿತಾಯದಿಂದಲೇ ತೀರಲು ಹಲವು ವರ್ಷ ಹಿಡಿಯುತ್ತದೆ. ಆದುದರಿಂದ ಹಳೆಯದನ್ನೆಲ್ಲ ಎಸೆಯಿರೆಂದು ನಾನು ಹೇಳಲಾರೆ. ಮೊದಲು ಅಳೆಯಿರಿ. ಹಳೆಯ ಲ್ಯಾಪ್‌ಟಾಪೊಂದು 10 ವಾಟಿನಲ್ಲಿ ಕೆಲಸ ಮಾಡುವಂತಿದ್ದರೆ ಅದೇ ಉತ್ತಮ. ಅದರ ಬ್ಯಾಟರಿ ಉಬ್ಬದಂತೆ ನೋಡಿಕೊಂಡರಾಯಿತು. ಅಲ್ಪ ವ್ಯಯಕ್ಕೆ ಮತ್ತೊಂದು ಫಲವೂ ಉಂಟು. ಮನೆಯ ಚಿಕ್ಕ ಯುಪಿಎಸ್ಸಿನ 12 ವೋಲ್ಟ್, 7 ಆಂಪೇರ್-ಗಂಟೆಯ ಬ್ಯಾಟರಿಯಲ್ಲಿರುವುದು 84 ವಾಟ್-ಗಂಟೆ. ನಷ್ಟಗಳನ್ನು ಬದಿಗಿಟ್ಟರೆ, 52 ವಾಟಿನ ಯಂತ್ರಕ್ಕೆ ಅದು ಒಂದೂವರೆ ಗಂಟೆಗೆ ಸಾಕಾದರೆ, 18 ವಾಟಿನದಕ್ಕೆ ನಾಲ್ಕೂವರೆ ಗಂಟೆಗೆ ಸಾಕು. ಮಳೆಗಾಲದ ಸಂಜೆಗಳಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಇಷ್ಟಾದರೂ ನಾನು ಮುಖ್ಯವಾಗಿ ಹೇಳಬೇಕಾದುದು ಬೇರೆಯೇ ಇದೆ. ಎರಡು ಡಿಸ್ಕುಗಳಲ್ಲಿ ಒಂದೇ ಮಾಹಿತಿಯನ್ನು ಏಕಕಾಲದಲ್ಲಿ ಬರೆಯುವ ಕನ್ನಡಿ ವ್ಯವಸ್ಥೆ ರೇಡ್ ಎಂಬ ವಿಧಾನಗಳಲ್ಲೊಂದು. 1988ರಲ್ಲಿ ಬರ್ಕ್‌ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಸ್ ಎಂಬವರು ತಮ್ಮ ಪ್ರಬಂಧದಲ್ಲಿ ಈ ವಿಧಾನಗಳನ್ನು ವರ್ಗೀಕರಿಸಿ ಆ ಹೆಸರನ್ನು ಕೊಟ್ಟರು. ಡಿಸ್ಕೊಂದು ಕೆಟ್ಟರೆ ಇದು ಕಾಯುತ್ತದೆ. ನಮ್ಮ ಕೈ ಕೆಟ್ಟರೆ ಕಾಯುವುದಿಲ್ಲ. ಹಳೆಯ ಯಂತ್ರದಲ್ಲಿ ಒಂದು ರಾತ್ರಿ ಕಡತಗಳನ್ನು ಒಪ್ಪಮಾಡುತ್ತಿದ್ದಾಗ, ನನ್ನ ತಂದೆಯವರ ಧ್ವನಿಯಿದ್ದ ಸಂಚಿಕೆಯನ್ನು ನಾನೇ ಅಳಿಸಿಬಿಟ್ಟೆ. ಕನ್ನಡಿ ನಿಷ್ಠೆಯಿಂದ ತನ್ನ ಪ್ರತಿಯನ್ನೂ ಅಳಿಸಿತು. ತಂದೆಯವರು ಆಗಲೇ ಇರಲಿಲ್ಲ. ಹನ್ನೊಂದು ಧ್ವನಿಮುದ್ರಣಗಳಲ್ಲಿ ಮೂರು ಮಾತ್ರ, ತಂಗಿಯ ಬಳಿ ಉಳಿದಿದ್ದುದರಿಂದ ಮರಳಿ ದೊರೆತವು.

ಅಂದಿನಿಂದ ನನ್ನ ನಿಯಮವಿದು: ಪ್ರೊಸೆಸರಿಗೆ ಮಿತವಾಗಿ ವ್ಯಯಮಾಡಿ, ಉಳಿದ ಹಣದಿಂದ ಮೂರನೆಯ ಡಿಸ್ಕೊಂದನ್ನು ಕೊಳ್ಳುವುದು, ತಿಂಗಳಿಗೊಮ್ಮೆ ಅದರಲ್ಲಿ ಪ್ರತಿ ತೆಗೆದು, ಯಂತ್ರದಿಂದ ಬಿಡಿಸಿ, ಬೇರೊಂದು ಮನೆಯಲ್ಲಿ ಇರಿಸುವುದು. ಆ ಡಿಸ್ಕು ಈಗ ತಂಗಿಯ ಮನೆಯ ಕಪಾಟಿನಲ್ಲಿದೆ. ಅದು ಎಳೆಯುವ ವಿದ್ಯುತ್ತು ಸೊನ್ನೆ ವಾಟ್. ನನ್ನ ಇಡೀ ಉಗ್ರಾಣದಲ್ಲಿ ಅತ್ಯಂತ ಬೆಲೆಯುಳ್ಳ ಭಾಗ ಅದೇ.