ಕಟೌಟ್ ಇಲ್ಲದ ಹೀರೋ

ನಂಜನಗೂಡಲ್ಲಿ ಟಿ. ನರಸೀಪುರದ ಬಸ್ ಹತ್ತಿದೆ. ಪಕ್ಕದ ಹುಡುಗ ಗೊಣಗಿದ: "ಕೆಲಸದ ವೇಟಿಂಗ್ ಲಿಸ್ಟಲ್ಲೇ ಉಳಿದೆ ಅಣ್ಣಾ. ಓದಿದ್ದೆಲ್ಲ ದಂಡ!"

ಪಿಯುಸಿ ಅರ್ಧಕ್ಕೇ ಬಿಟ್ಟ ನಾನೇನು ಬುದ್ಧಿ ಹೇಳಲಿ? ರವೀಶ್ ಮಲ್ಹೋತ್ರಾ ಕಥೆ ಹೇಳಿದೆ.

1984ರ ಏಪ್ರಿಲ್ 3ರಂದು ಸೋಯುಜ್ ಟಿ-11ರಲ್ಲಿ ಬಾಹ್ಯಾಕಾಶಕ್ಕೆ ಹಾರಿದವರು ರಾಕೇಶ್ ಶರ್ಮಾ. ಮೊದಲ ಭಾರತೀಯ! ಆದರೆ 1982ರಿಂದ ಸೋವಿಯತ್ ರಷ್ಯಾದ ಸ್ಟಾರ್ ಸಿಟಿಯಲ್ಲಿ ಅದೇ ಭಾಷೆ ಕಲಿತು, ಅದೇ ತಾಲೀಮಿನಲ್ಲಿ ಬೆವರು ಸುರಿಸಿದ ಇನ್ನೊಬ್ಬರಿದ್ದರು, ಮಲ್ಹೋತ್ರಾ. ಶರ್ಮಾ ಹುಷಾರು ತಪ್ಪಿದ್ದರೆ ಇವರೇ ಹಾರಬೇಕಿತ್ತು. ತಪ್ಪಲಿಲ್ಲ. ಸಿನಿಮಾದ ಡ್ಯೂಪಾದರೂ ಒಂದು ಸಲ ಹಾರುತ್ತಾನೆ, ಇವರಿಗೆ ಅದೂ ಇಲ್ಲ!

"ಆಮೇಲೆ?"

"ಕೀರ್ತಿ ಚಕ್ರ ಬಂತು. ವಾಯುಪಡೆಯಲ್ಲಿ ಏರ್ ಕಮೋಡೋರ್ ಆದರು. ನಿವೃತ್ತರಾಗಿ ನಮ್ಮ ಬೆಂಗಳೂರಲ್ಲೇ ವಿಮಾನದ ಬಿಡಿಭಾಗ ತಯಾರಿಸೋ ಉದ್ಯಮಕ್ಕೆ ದುಡಿದರು."

ನರಸೀಪುರದಲ್ಲಿ ಇಳಿದು ಸಂಗಮಕ್ಕೆ ನಡೆದೆವು. ನಂಜನಗೂಡಿನ ಕಪಿಲೆ ಇಲ್ಲಿ ಕಾವೇರಿ ಸೇರ್ತಾಳೆ. ಮುಂದೆ ಹೆಸರೆಲ್ಲ ಕಾವೇರಿದೇ. ಹಾಗಂತ ಕಪಿಲೆ ನೀರು ಎಲ್ಲಿ ಹೋಯ್ತು?

ಹುಡುಗ ಸುಮ್ಮನೆ ನೀರು ನೋಡ್ತಾ ನಿಂತ. ನಾನೂ.

ಕಟೌಟ್ ನಿಲ್ಲಿಸೋ ಗೆಳೆಯರೇ, ಒಂದು ಶಿಳ್ಳೆ ಮಲ್ಹೋತ್ರಾ ಅವರಿಗೂ ಇರಲಿ!