ಬಿಡುವಿನ ಕೆಲಸಗಳು: ಮನೆಯಲ್ಲಿ ಕಟ್ಟುವ ಗಿಟಾರು

ಪಾಶ್ಚಾತ್ಯರ ತಂತೀವಾದ್ಯವಾದ ಗಿಟಾರನ್ನು ಕುರಿತು ಬರೆಯಲು ಈತನಿಗೇನು ಅಧಿಕಾರವೆಂದು ವಾಚಕ ಮಹಾಶಯರು ಕೇಳಬಹುದು. ಅದನ್ನು ನುಡಿಸಲು ನನಗೆ ಬಾರದೆಂಬುದು ನಿಜ. ಆದರೆ ನನ್ನ ಅಕ್ಕನ ಮೊಮ್ಮಗನು ಕಾಲೇಜಿನ ರಜಾದಿನಗಳಲ್ಲಿ ನಮ್ಮ ಹಿತ್ತಲ ಕೊಠಡಿಯಲ್ಲಿ ಕುಳಿತು ಅಂಥದೊಂದು ವಾದ್ಯವನ್ನು ಸ್ವಹಸ್ತದಿಂದ ಕಟ್ಟುತ್ತಿರುವನು. ಆ ಕಾರ್ಯದಲ್ಲಿ ಒದಗಿದ ಒಂದು ವಿಘ್ನಕ್ಕೆ ನಾನೇ ಕಾರಣನಾದೆನು. ಅದರ ಪ್ರಾಯಶ್ಚಿತ್ತಕ್ಕಾಗಿಯೂ, ಇಂಥ ಕೆಲಸಕ್ಕೆ ಕೈಹಾಕುವ ಇತರರ ಉಪಯೋಗಕ್ಕಾಗಿಯೂ ಈ ತಿಂಗಳ ಪುಟವನ್ನು ಮೀಸಲಿಟ್ಟಿದ್ದೇನೆ.

ಇಂದು ಶಾಸ್ತ್ರೀಯ ಗಿಟಾರು ಎನ್ನಿಸಿಕೊಂಡಿರುವ ವಾದ್ಯದ ಆಕಾರವು ಬಹುಮಟ್ಟಿಗೆ ಸ್ಪೇನ್ ದೇಶದ ಆಂಟೋನಿಯೊ ದ ತೊರ್ರೆಸ್ (1817–1892) ಎಂಬಾತನ ಕೈಯಲ್ಲಿ ನೆಲೆಗೊಂಡಿತು. ಆತನು ಮೊದಲು ಬಡಗಿ, ಅನಂತರ ವಾದ್ಯಕಾರ. ನಾದವನ್ನು ಮುಖ್ಯವಾಗಿ ಹುಟ್ಟಿಸುವುದು ಮೇಲುಹಲಗೆ, ಪಕ್ಕಗಳೂ ಬೆನ್ನೂ ಅಷ್ಟಾಗಿ ಅಲ್ಲ ಎಂಬುದು ಆತನ ಮತ. 1862ರಲ್ಲಿ ಆತನು ಬೆನ್ನನ್ನೂ ಪಕ್ಕಗಳನ್ನೂ ಬರಿಯ ಕಾಗದದ ರಟ್ಟಿನಿಂದ ಮಾಡಿ, ಮೇಲುಹಲಗೆಯನ್ನು ಮಾತ್ರ ಮರದಿಂದ ಮಾಡಿ ಒಂದು ಗಿಟಾರನ್ನು ಕಟ್ಟಿದನು. ಅದು ಬಾರ್ಸೆಲೋನಾ ನಗರದ ಸಂಗೀತ ವಸ್ತುಸಂಗ್ರಹಾಲಯದಲ್ಲಿ ಉಳಿದುಬಂದಿದೆ.

ಈ ಮೇಲುಹಲಗೆಯೇ ಕಷ್ಟದ ಭಾಗ. ಶೀತದೇಶದ ಸ್ಪ್ರೂಸ್ ಎಂಬ ಮರದಿಂದ, ನೇರವಾದ ಎಳೆಗಳುಳ್ಳ ಒಂದು ತುಂಡನ್ನು ಆರಿಸಿ, ಅದನ್ನು ಸೀಳಿ, ಪುಸ್ತಕವನ್ನು ತೆರೆದಂತೆ ಎರಡು ಹಾಳೆಗಳನ್ನೂ ಅಕ್ಕಪಕ್ಕದಲ್ಲಿ ಕೂಡಿಸಿ ಅಂಟಿಸುವರು. ಅನಂತರ ಅದನ್ನು ಎರಡು ಎರಡೂವರೆ ಮಿಲಿಮೀಟರು ದಪ್ಪಕ್ಕೆ ಬರುವವರೆಗೆ ಹೊರೆಯತಕ್ಕದ್ದು. ಇಷ್ಟು ತೆಳುವಾದ ಹಲಗೆಯು ಆರು ನೈಲಾನ್ ತಂತಿಗಳ ಸುಮಾರು 40 ಕಿಲೋಗ್ರಾಮಿನ ಸೆಳೆತವನ್ನು ತಡೆಯಬೇಕು. ಅದಕ್ಕಾಗಿಯೇ ಒಳಮೈಗೆ ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಸಣ್ಣ ಪಟ್ಟಿಗಳನ್ನು ಅಂಟಿಸುವುದು. ತೊರ್ರೆಸನ ಕ್ರಮದಲ್ಲಿ ಅವು ಸಾಮಾನ್ಯವಾಗಿ ಏಳು. ಹಲಗೆ ದಪ್ಪವಾಗಿ ಉಳಿದರೆ ವಾದ್ಯವು ಮೂಕವಾಗುವುದು. ಅತಿಯಾಗಿ ತೆಳುವಾದರೆ ಕೆಲವು ವರ್ಷಗಳಲ್ಲಿ ಕುದುರೆಯ ಬಳಿ ಕುಸಿಯುವುದು. ಒಂದು ಮರದಂತೆ ಇನ್ನೊಂದು ಮರವಿಲ್ಲವಾದಕಾರಣ, ಎಲ್ಲಿಗೆ ನಿಲ್ಲಿಸಬೇಕೆಂಬುದನ್ನು ಯಾವ ಕೋಷ್ಟಕವೂ ಹೇಳಲಾರದು. ನಮ್ಮ ಹುಡುಗನು ಹಲಗೆಯನ್ನು ಎರಡು ಬೆರಳುಗಳಲ್ಲಿ ತೂಗುಹಿಡಿದು, ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಮತ್ತೆ ನಾಲ್ಕು ಬಾರಿ ಹೊರೆದು, ಮತ್ತೆ ತಟ್ಟುತ್ತಿದ್ದನು. ಮನೆಯವರಿಗೆಲ್ಲ ಅದು ಹುಚ್ಚೆಂದು ತೋರಿತು. ನಾನು ಮಾತ್ರ ಮಡಕೆಯನ್ನು ತಟ್ಟಿ ನೋಡಿ ಕೊಳ್ಳುವ ನಮ್ಮ ಹೆಂಗಸರನ್ನು ನೆನೆದೆನು.

ಬೆನ್ನು ಪಕ್ಕಗಳಿಗೆ ಬೀಟೆ ಮರವು ಲೋಕಪ್ರಸಿದ್ಧವಾದುದು. ನಮ್ಮ ಪಶ್ಚಿಮ ಘಟ್ಟಗಳ ಈ ಮರವನ್ನೇ ಅಮೆರಿಕೆಯ ಮಾರ್ಟಿನ್ ಕಂಪೆನಿಯವರು 1969ರಿಂದೀಚೆಗೆ ಬ್ರೆಜಿಲ್ ದೇಶದ ಬೀಟೆಗೆ ಬದಲಾಗಿ ಬಳಸತೊಡಗಿದರು. ಹುಡುಗನು ಅಷ್ಟು ಬೆಲೆ ತೆರಲಾರದೆ, ನಮ್ಮ ವೀಣೆಗೆ ಒಪ್ಪಿದ ಹಲಸನ್ನೇ ಹಿಡಿದು, ನೀರಿನಲ್ಲಿ ನೆನೆಸಿ, ಕಾದ ಕೊಳವೆಯ ಮೇಲೆ ಪಕ್ಕಗಳನ್ನು ಬಾಗಿಸಿದನು. ಬೀಟೆಯು ದೊರೆತದ್ದು ಬೆರಳುಹಲಗೆಗೆ ಮಾತ್ರ: ನಮ್ಮ ತಾಯಿಯವರ ಮುರಿದ ಮಂಚದಲ್ಲಿ ಹುಳು ಮುಟ್ಟದೆ ಉಳಿದಿದ್ದ ಒಂದೇ ಒಂದು ಪಟ್ಟಿ.

ಇನ್ನು ನನ್ನ ಅಪರಾಧಕ್ಕೆ ಬರುತ್ತೇನೆ. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಕುಳಿತಿರುವವು. ಮೇಳ ಕಟ್ಟುವವನು ಕಿವಿಯಿಂದ ಕೇಳಿ ಅವನ್ನು ಸರಿಸಬಲ್ಲನು. ಗಿಟಾರಿನಲ್ಲಿಯಾದರೋ ಮರವನ್ನು ಗರಗಸದಿಂದ ಸೀಳಿ ಲೋಹದ ಮೆಟ್ಟಿಲನ್ನು ಬಡಿದು ಕೂರಿಸುವುದರಿಂದ, ಲೆಕ್ಕ ತಪ್ಪಿದರೆ ತಿದ್ದುವಂತಿಲ್ಲ. ನನ್ನಲ್ಲಿದ್ದ ಒಂದು ಹಳೆಯ ಗ್ರಂಥದಲ್ಲಿ, ತಂತಿಯ ಉದ್ದವನ್ನು 18ರಿಂದ ಭಾಗಿಸಿ ಮೊದಲನೆಯ ಮೆಟ್ಟಿಲನ್ನೂ, ಉಳಿದುದನ್ನು ಮತ್ತೆ 18ರಿಂದ ಭಾಗಿಸಿ ಎರಡನೆಯದನ್ನೂ, ಹೀಗೆಯೇ ಮುಂದಿನವನ್ನೂ ಇಡಬೇಕೆಂದಿತ್ತು. ಖಗೋಳಜ್ಞ ಗೆಲಿಲಿಯೊವಿನ ತಂದೆ ವಿಂಚೆನ್ಜೊ 1581ರಲ್ಲಿ ಪ್ರಕಟಿಸಿದ ಸೂತ್ರವಿದು, ಬಹುಕಾಲ ನಡೆದುಬಂದದ್ದು. “ತಾತ, ಹನ್ನೆರಡನೆಯದು ತಂತಿಯ ನಟ್ಟನಡುವೆ ಬರಬೇಕಲ್ಲವೆ? ಇದರಲ್ಲಿ ಬರುವಂತೆ ಕಾಣೆ” ಎಂದು ಹುಡುಗನು ವಿನಯದಿಂದಲೇ ಕೇಳಿದನು. “ಗ್ರಂಥಸ್ಥವಾದುದನ್ನು ಮೊದಲು ಮಾಡು, ಆಮೇಲೆ ಸಂದೇಹಪಡು” ಎಂದುಬಿಟ್ಟೆನು. ಮೂವತ್ತು ವರ್ಷ ಪಾಠ ಹೇಳಿದ ನಾಲಗೆ.

ಹತ್ತೊಂಬತ್ತು ಸೀಳುಗಳೂ ಆದ ಮೇಲೆ ಅಳೆದು ನೋಡಿದೆವು. ಉದ್ದ 650 ಮಿ.ಮೀ.; ಹನ್ನೆರಡನೆಯ ಮೆಟ್ಟಿಲು 325ರಲ್ಲಿ ಇರಬೇಕಾದದ್ದು 322.6ರಲ್ಲಿತ್ತು. ಅರ್ಧಸ್ವರದ ಎಂಟನೆಯ ಒಂದು ಪಾಲಿನಷ್ಟು ಇಳಿಕೆ. ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಬೇಕಾದರೆ ಭಾಜಕವು 18 ಅಲ್ಲ, 17.817. ಆಗ ಮೊದಲನೆಯ ಮೆಟ್ಟಿಲು 36.48, ಎರಡನೆಯದು 70.92, ಹನ್ನೆರಡನೆಯದು ಸರಿಯಾಗಿ 325. ಬೆರಳೊತ್ತಿದಾಗ ತಂತಿಯು ಬಿಗಿದು ಸ್ವರವು ತುಸು ಏರುವುದರಿಂದ ಹಳಬರ ದೋಷವು ಸ್ವಲ್ಪಮಟ್ಟಿಗೆ ಮುಚ್ಚಿಹೋಗುತ್ತಿತ್ತು. ಈಗಿನವರು ಲೆಕ್ಕವನ್ನು ಶುದ್ಧವಾಗಿಟ್ಟು, ಆ ಏರಿಕೆಗಾಗಿ ಕುದುರೆಯನ್ನೇ ಸುಮಾರು ಎರಡು ಮಿ.ಮೀ. ಹಿಂದಕ್ಕೆ ಸರಿಸುವರು.

ಕುದುರೆಯನ್ನು ಸುಮಾರು ಐದು ಮಿ.ಮೀ. ಮುಂದಕ್ಕೆ ತಂದರೆ ಬಹುಮಟ್ಟಿಗೆ ಸರಿಹೋಗುವುದೆಂದು ನಾನೊಂದು ಸಂಧಾನವನ್ನು ಸೂಚಿಸಿದೆನು. ಹುಡುಗನು ಒಪ್ಪಲಿಲ್ಲ. ಒಳಗಿನ ಪಟ್ಟಿಗಳನ್ನು ಕುದುರೆಯ ಸ್ಥಾನಕ್ಕೆ ಅನುಗುಣವಾಗಿ ಅಂಟಿಸಿಯಾಗಿತ್ತು. ದೈವವಶಾತ್ ಮಂಚದ ಪಟ್ಟಿಯನ್ನು ಹತ್ತು ಮಿ.ಮೀ. ದಪ್ಪಕ್ಕೆ ಕೊಯ್ದಿದ್ದನು. ಸೀಳುಗಳು ಅಳಿಯುವವರೆಗೆ ಅದನ್ನು ಹತ್ತರಿ ಹಿಡಿದು ತೋಪಿಟ್ಟನು. ಬೀಟೆಯ ಗಡಸುತನವು ಬಲ್ಲವರಿಗೇ ಗೊತ್ತು. ಆರು ಮಿ.ಮೀ. ಉಳಿಯಿತು. ಇನ್ನೊಂದು ತಪ್ಪಿಗೆ ಅದರಲ್ಲಿ ಎಡೆಯಿರಲಿಲ್ಲ. ಎರಡನೆಯ ಸಲದ ಗುರುತುಗಳನ್ನು ಅವನು ಹಾಕುವಾಗ ನಾನು ಜಗಲಿಯಲ್ಲಿಯೇ ಕುಳಿತಿದ್ದೆನು.

ಆ ಕೆಲಸದಲ್ಲಿ ಅವನ ಬೇಸಗೆಯ ರಜೆಯೆಲ್ಲ ಕಳೆದು ಮಳೆ ಬಂದಿತು. ಇದೇ ನಿಜವಾದ ನಷ್ಟ. ತೇವವನ್ನು ಹೀರಿ ಉಬ್ಬಿದ ಹಲಗೆಗಳನ್ನು ಅಂಟಿಸಿ ಪೆಟ್ಟಿಗೆಯನ್ನು ಮುಚ್ಚಿದರೆ, ಮುಂದಿನ ಬೇಸಗೆಯಲ್ಲಿ ಅವು ಕುಗ್ಗಿ ಸೀಳುವವು. ಗಾಳಿಯ ತೇವವು ನೂರಕ್ಕೆ 45–50ರಷ್ಟಿರುವಾಗ ಅಂಟಿಸುವುದು ಕ್ಷೇಮ. ನಮ್ಮ ಕೊಠಡಿಯ ತೇವಮಾಪಕವು ಈ ಬೆಳಿಗ್ಗೆ 78 ತೋರಿಸಿತು. ಮೇಲುಹಲಗೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೇವೆ. ಚಳಿಗಾಲದ ಒಣಹವೆ ಬಂದೊಡನೆ ಬೆನ್ನನ್ನು ಅಂಟಿಸುವೆನೆಂದು ಹುಡುಗನು ಕಾಗದ ಬರೆದಿರುವನು. ಬಿಗಿಹಿಡಿಗಳು ಹನ್ನೆರಡು ಸಾಲವಂತೆ, ಇನ್ನೂ ಎಂಟನ್ನು ನಾನು ಪೇಟೆಯಲ್ಲಿ ವಿಚಾರಿಸಿ ಇಡಬೇಕಂತೆ.