ನೆರಳಿನ ಸಾಕ್ಷ್ಯ

ಕಳೆದ ತಿಂಗಳು ಪೂಜಾನಿಮಿತ್ತ ಪರಿಚಿತ ಶರಣರೊಬ್ಬರ ಮನೆಗೆ ಹೋಗಿದ್ದೆವು. ಪ್ರಸಾದಕ್ಕೆ ಇನ್ನೂ ಹೊತ್ತಿತ್ತು. ಒಂಬತ್ತನೆಯ ತರಗತಿಯಲ್ಲಿ ಓದುವ ಆ ಮನೆಯ ಮೊಮ್ಮಗಳು ಮೂಲೆಯಲ್ಲಿ ಕುಳಿತು ಮೊಬೈಲಿನಲ್ಲಿ ಏನನ್ನೋ ತದೇಕಚಿತ್ತಳಾಗಿ ನೋಡುತ್ತಿದ್ದಳು. ವಿಚಾರಿಸಲಾಗಿ, ಅದು 2016ರಲ್ಲಿ ಆರಂಭವಾದ ‘ಸ್ಟ್ರೇಂಜರ್ ಥಿಂಗ್ಸ್’ ಎಂಬ ಅಮೆರಿಕದ ಧಾರಾವಾಹಿಯೆಂದು ತಿಳಿಯಿತು. ಹಾಕಿನ್ಸ್ ಎಂಬುದೊಂದು ಕಲ್ಪಿತ ಸಣ್ಣ ಊರು. ಅಲ್ಲಿ ಬಾಲಕನೊಬ್ಬ ಕಾಣೆಯಾಗುತ್ತಾನೆ. ಬೇರೊಂದು ಲೋಕದಿಂದ ಬಂದ ಘೋರಜಂತು ಜನರನ್ನು ಕೊಲ್ಲುತ್ತದೆ. ಹಿರಿಯರಿಗೆ ತಿಳಿಯದ ಗುಟ್ಟನ್ನು ಮಕ್ಕಳು ಭೇದಿಸುತ್ತಾರೆ. ಅಜ್ಜನವರು ಗದರಿಸುವಷ್ಟರಲ್ಲಿ ಆ ಹುಡುಗಿ ನಮ್ಮನ್ನೇ ಕೇಳಿದಳು: “ಅಜ್ಜಾರ, ಇಂಥಾದ್ದು ಖರೇನ ಎಲ್ಲಿಯಾದ್ರೂ ನಡದೈತೇನ್ರಿ?”

ನಡೆದಿದೆ ಎಂದೆವು. ಪ್ರಸಾದಕ್ಕೆ ಕರೆ ಬರುವುದರೊಳಗೆ ಅರ್ಧ ಕಥೆಯನ್ನಷ್ಟೇ ಹೇಳಲಾಯಿತು. ಉಳಿದುದನ್ನೂ ಸೇರಿಸಿ ಇಲ್ಲಿ ನಿವೇದಿಸುತ್ತೇವೆ.

ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ, ಅದಿನ್ನೂ ಇಂಗ್ಲಿಷರ ವಸಾಹತಾಗಿದ್ದ ಕಾಲಕ್ಕೆ, ಸೇಲಂ ಗ್ರಾಮವೆಂಬ ಹಳ್ಳಿಯಿತ್ತು. ಇಂದು ಅದರ ಹೆಸರು ಡ್ಯಾನ್ವರ್ಸ್. 1692ರ ಜನವರಿಯ ಕಡುಚಳಿಯಲ್ಲಿ ಅಲ್ಲಿಯ ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸನ ಒಂಬತ್ತು ವರ್ಷದ ಮಗಳು ಬೆಟ್ಟಿ, ಅವನ ಮನೆಯಲ್ಲಿಯೇ ಬೆಳೆಯುತ್ತಿದ್ದ ಹನ್ನೊಂದರ ಅಬಿಗೇಲ್ ವಿಲಿಯಮ್ಸ್ ಇಬ್ಬರೂ ಕಿರುಚಿ ಮೈ ತಿರುಚತೊಡಗಿದರು. ವೈದ್ಯನು ಇದು ದುಷ್ಟಶಕ್ತಿಯ ಕೈವಾಡವೆಂದನು. ಅನಂತರ ಹನ್ನೆರಡು ವರ್ಷದ ಆನ್ ಪಟ್ನಮ್, ಹದಿನೇಳರ ಎಲಿಜಬೆತ್ ಹಬಾರ್ಡ್ ಮೊದಲಾದ ಹುಡುಗಿಯರಿಗೂ ಅದೇ ಸ್ಥಿತಿ ಬಂದಿತು. ಯಾರು ಮಾಟ ಮಾಡಿದವರೆಂದು ಹಿರಿಯರು ಮೇಲಿಂದ ಮೇಲೆ ಕೇಳಿದರು. ಕೇಳಿದವರಿಗೆ ಹೆಸರುಗಳು ದೊರೆತವು. ಮೊದಲು ಬಂದ ಮೂರು ಹೆಸರುಗಳಲ್ಲಿ ಒಬ್ಬಳು ಪಾದ್ರಿಯ ಮನೆಯ ದಾಸಿ ಟಿಟುಬಾ. ಇನ್ನೊಬ್ಬಳು ಭಿಕ್ಷೆ ಬೇಡುತ್ತಿದ್ದ ಸಾರಾ ಗುಡ್. ಮತ್ತೊಬ್ಬಳು ಹಾಸಿಗೆ ಹಿಡಿದಿದ್ದ ಸಾರಾ ಆಸ್ಬರ್ನ್. ಪರವಾಗಿ ಮಾತನಾಡುವವರಿಲ್ಲದ ಹೆಂಗಸರೇ ಮೊದಲು ಸಿಕ್ಕಿದರೆಂಬುದನ್ನು ಓದುಗರು ಗಮನಿಸಬೇಕು. ಸಾರಾ ಗುಡ್‌ಳ ನಾಲ್ಕೈದು ವರ್ಷದ ಮಗಳು ಡೊರೊಥಿಯನ್ನು ಕೂಡ ಸೆರೆಮನೆಗೆ ನೂಕಿದರು.

ಊರಿನೊಳಗೆ ಬೇರೆ ಬೆಂಕಿಯೂ ಇತ್ತು. ಪಾದ್ರಿಗೆ ಸಂಬಳ ಕೊಡಲೊಲ್ಲೆವೆಂದು ಒಂದು ಪಕ್ಷ ಹಟ ಹಿಡಿದಿತ್ತು. ಉರುವಲು ಸೌದೆಗೂ ತಕರಾರು. ಪಟ್ನಮ್ ಮನೆತನಕ್ಕೆ ನೆರೆಯವರೊಡನೆ ಜಮೀನಿನ ಗಡಿವ್ಯಾಜ್ಯ. ಆನ್ ಹುಡುಗಿಯ ತಂದೆ ಥಾಮಸ್ ಪಟ್ನಮ್ ಅನೇಕ ದೂರುಗಳಿಗೆ ತಾನೇ ಸಹಿ ಹಾಕಿದನು. ಇದರಿಂದಲೇ ಎಲ್ಲವೂ ಆಯಿತೆಂದು ನಾವು ಹೇಳಲಾರೆವು. ಆದರೆ ಮಗುವಿನ ಬಾಯಿಂದ ತಮಗೆ ಬೇಕಾದ ಹೆಸರು ಬಂದಾಗ ಹಿರಿಯರ ಕಿವಿ ಬಹು ಚುರುಕಾಗುತ್ತದೆ.

ಇನ್ನು ನ್ಯಾಯಾಲಯದ ರೀತಿ. ಆರೋಪಿತಳು ತನ್ನ ಮನೆಯಲ್ಲಿ ಮಲಗಿದ್ದಾಗಲೂ ಅವಳ ಛಾಯಾರೂಪವು ಬಂದು ತನ್ನನ್ನು ಚಿವುಟಿತೆಂದು ಹುಡುಗಿ ಹೇಳಿದರೆ ಅದೂ ಪ್ರಮಾಣವೆಂದು ಗಣಿಸಲ್ಪಟ್ಟಿತು. ನೆರಳನ್ನು ಕಂಡವಳು ಹುಡುಗಿಯೊಬ್ಬಳೇ; ಅದನ್ನು ಸುಳ್ಳೆಂದು ತೋರಿಸುವುದಾದರೂ ಹೇಗೆ? ಎಪ್ಪತ್ತೊಂದು ವರ್ಷದ ರೆಬೆಕಾ ನರ್ಸ್ ಊರಿಗೆ ಬೇಕಾದ ದೈವಭಕ್ತೆ. ಅವಳ ಪರವಾಗಿ ಹಲವರು ಧೈರ್ಯದಿಂದ ಮನವಿಪತ್ರಕ್ಕೆ ಸಹಿ ಹಾಕಿದರು. ಪಂಚರು ಮೊದಲು ನಿರ್ದೋಷಿಯೆಂದೇ ತೀರ್ಪಿತ್ತರು. ಕೂಡಲೇ ಹುಡುಗಿಯರು ಸಭೆಯಲ್ಲಿ ಚೀರಿಕೊಂಡರು. ಮುಖ್ಯ ನ್ಯಾಯಾಧೀಶ ವಿಲಿಯಂ ಸ್ಟೌಟನ್ ಪುನರಾಲೋಚಿಸಿರೆಂದನು, ತೀರ್ಪು ತಿರುಗಿತು. ಜುಲೈ 19ರಂದು ಆ ವೃದ್ಧೆಯನ್ನು ಗಲ್ಲಿಗೇರಿಸಿದರು.

ಎಲ್ಲಕ್ಕಿಂತ ನಮ್ಮನ್ನು ಕಾಡುವ ಸಂಗತಿ ಇದು: ಹೌದು, ನಾನು ಮಾಟಗಾತಿಯೆಂದು ಒಪ್ಪಿ ಆ ಮಾತಿಗೇ ಅಂಟಿಕೊಂಡವರು ಬದುಕಿದರು, ಸುಳ್ಳು ನುಡಿಯಲಾರೆನೆಂದವರು ಸತ್ತರು. ನೇಣಿಗೇರಿದವರು 19 ಮಂದಿ, 14 ಸ್ತ್ರೀಯರು, 5 ಪುರುಷರು. ಎಂಬತ್ತರ ಆಸುಪಾಸಿನ ಗೈಲ್ಸ್ ಕೋರಿ ವಿಚಾರಣೆಗೇ ಒಪ್ಪದಿರಲು ಅವನ ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಸೆರೆಯಲ್ಲಿಯೇ ಕನಿಷ್ಠ ಐವರು ಅಸುನೀಗಿದರು. ಅಕ್ಟೋಬರಿನಲ್ಲಿ ಇಂಕ್ರೀಸ್ ಮ್ಯಾದರ್ ಎಂಬ ಹಿರಿಯ ಪಾದ್ರಿ ಇಂಥ ಸಾಕ್ಷ್ಯವನ್ನು ನೆಚ್ಚಿ ಪ್ರಾಣ ತೆಗೆಯಲಾಗದೆಂದು ವಾದಿಸಿದನು. ಗವರ್ನರ್ ಫಿಪ್ಸ್ ನ್ಯಾಯಾಲಯವನ್ನು ವಿಸರ್ಜಿಸಿದನು. ಅಷ್ಟರಲ್ಲಿ ಆತನ ಹೆಂಡತಿಯ ಹೆಸರೂ ಕೇಳಿಬಂದಿತ್ತೆಂಬುದು ಉಲ್ಲೇಖನೀಯ!

ಇದನ್ನು ಓದುವಾಗ ನಮಗೆ ನಮ್ಮ ಬಾಲ್ಯದ ಒಂದು ಪ್ರಸಂಗ ನೆನಪಾಗುತ್ತದೆ. ಹೇಳಲು ಸಂಕೋಚವೇ. ನಾವು ಮಠದ ಪಾಠಶಾಲೆಯಲ್ಲಿದ್ದಾಗ ಸಹಪಾಠಿಯೊಬ್ಬನಿಗೆ ಮೂರ್ಛೆ ಬರುತ್ತಿತ್ತು. ದಾಸೋಹದ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ವಿಧವೆ ಮುದುಕಿಯ ಮೇಲೆ ಹುಡುಗರ ಗುಮಾನಿ ಹೋಯಿತು. ಅವಳು ರಾತ್ರಿ ಲಿಂಬೆಹಣ್ಣು ಹೂಳಿದುದನ್ನು ಕಂಡೆನೆಂದು ಒಬ್ಬನು ಹೇಳಿದ, ನಾವೂ ಕಂಡೆವೆಂದೆವು. ಕಂಡಿರಲಿಲ್ಲ. ಗುರುಗಳು ಗದರಿಸಲಿಲ್ಲ. ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕರೆದು, ಯಾವ ಹೊತ್ತು, ಯಾವ ಜಾಗ, ಯಾವ ಕೈಯಲ್ಲಿ ಹಿಡಿದಿದ್ದಳು ಎಂದು ಕೇಳಿದರು. ಮೂವರು ಮೂರು ಜಾಗ ಹೇಳಿದೆವು. ಅವನನ್ನು ಮರುದಿನ ಆಸ್ಪತ್ರೆಗೆ ಕಳುಹಿಸಿದರು. ನಾವು ತಲೆ ತಗ್ಗಿಸಿ ಅದೇ ಮುದುಕಿಯ ಕೈಯ ರೊಟ್ಟಿ ಉಂಡೆವು. ಸೇಲಂನ ಹುಡುಗಿಯರನ್ನು ಒಟ್ಟಿಗೆ, ಆರೋಪಿತರ ಇದಿರಿನಲ್ಲಿಯೇ, ತುಂಬಿದ ಸಭೆಯಲ್ಲಿ ಕೂರಿಸಿದ್ದರು. ಒಬ್ಬಳು ಬಿದ್ದರೆ ಇನ್ನೊಬ್ಬಳೂ ಬೀಳುತ್ತಿದ್ದಳು. ಶರಣರು ಕ್ಷುದ್ರದೈವಗಳ ಭಯವನ್ನು ಹಳಿದರೆಂದು ವೇದಿಕೆಯ ಮೇಲೆ ನುಡಿಯುವ ನಾವು, ಮಗು ಉಣ್ಣದಿದ್ದರೆ ಗುಮ್ಮನನ್ನು ಕರೆಯುವವರೇ ಅಲ್ಲವೆ?

ಆನ್ ಪಟ್ನಮಳ ಮುಂದಿನ ಬಾಳು ಸುಖದ್ದಲ್ಲ. 1699ರಲ್ಲಿ ತಂದೆತಾಯಿಗಳಿಬ್ಬರೂ ತೀರಿಕೊಂಡರು. ತಮ್ಮತಂಗಿಯರ ಭಾರ ಅವಳ ಮೇಲೆ ಬಿದ್ದಿತು. 1706ರಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ, ಅವಳು ಅದೇ ಊರಿನ ಚರ್ಚಿನಲ್ಲಿ ಎದ್ದು ನಿಂತಳು. ಅವಳ ತಪ್ಪೊಪ್ಪಿಗೆಯನ್ನು ಪಾದ್ರಿ ಓದಿದನು. ನಿರಪರಾಧಿಗಳ ರಕ್ತದಲ್ಲಿ ತನಗೂ ಪಾಲಿದೆಯೆಂದು ಒಪ್ಪಿ, ಸೈತಾನನ ಭ್ರಮೆಗೆ ಒಳಗಾಗಿದ್ದೆನೆಂದು ಹೇಳಿ, ರೆಬೆಕಾ ನರ್ಸ್‌ಳ ಬಂಧುಗಳ ಕ್ಷಮೆ ಬೇಡಿದಳು. ಆಗಲೂ ಹೊಣೆ ಸೈತಾನನದೇ ಎಂದು ಟೀಕಿಸುವವರುಂಟು. ನಾವು ಹಾಗೆ ಹೇಳೆವು. ಆ ಹುಡುಗಿಯರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದವಳು ಅವಳೊಬ್ಬಳೇ. ನ್ಯಾಯಾಧೀಶರಲ್ಲಿಯೂ 1697ರಲ್ಲಿ ಸಭೆಯ ಮುಂದೆ ಹೀಗೆ ನಿಂತವನು ಸ್ಯಾಮ್ಯುಯೆಲ್ ಸೆವಾಲ್ ಒಬ್ಬನೇ. ಸ್ಟೌಟನ್ ಕೊನೆಯವರೆಗೂ ನಿಲ್ಲಲಿಲ್ಲ.

ಶಿಕ್ಷೆಗೊಳಗಾದವರ ಹೆಸರುಗಳು ಕಾಲಕಾಲಕ್ಕೆ ಕಾನೂನಿನಿಂದ ಶುದ್ಧಗೊಂಡವು. ಎಲಿಜಬೆತ್ ಜಾನ್ಸನ್ ಎಂಬ ತರುಣಿಯದು ಮಾತ್ರ ಉಳಿದಿತ್ತು. ಅವಳಿಗೆ 1693ರಲ್ಲಿ ಮರಣದಂಡನೆಯಾಗಿ, ಗವರ್ನರನ ತಡೆಯಿಂದ ಜೀವವುಳಿದಿತ್ತು. ಮದುವೆಯಿಲ್ಲ, ಮಕ್ಕಳಿಲ್ಲ, ಕೇಳುವ ವಂಶಸ್ಥರಿಲ್ಲ. ಅವಳ ಊರಾದ ಆಂಡೋವರಿನ ಭಾಗದ ಶಾಲೆಯೊಂದರ ಎಂಟನೆಯ ತರಗತಿಯ ಮಕ್ಕಳು ತಮ್ಮ ಶಿಕ್ಷಕಿಯೊಡನೆ ಹಳೆಯ ಕಾಗದಪತ್ರಗಳನ್ನು ಓದಿ ಶಾಸನಸಭೆಯವರಿಗೆ ಬರೆದರು. 2022ರ ಜುಲೈಯಲ್ಲಿ ಅವಳೂ ನಿರ್ದೋಷಿಯಾದಳು. ಆ ಮಕ್ಕಳ ವಯಸ್ಸು ನಮಗೆ ಪ್ರಶ್ನೆ ಕೇಳಿದ ಹುಡುಗಿಗಿಂತ ಒಂದು ವರ್ಷ ಕಡಿಮೆಯಿದ್ದೀತು. ಈ ಭಾಗವನ್ನೇ ಅವಳಿಗೆ ಹೇಳಲಾಗಿರಲಿಲ್ಲ. ಸಂಚಿಕೆ ಕೈಸೇರಿದೊಡನೆ ಅವಳಿಗೊಂದು ಪ್ರತಿಯನ್ನು ಕಳುಹಿಸಬೇಕು.